ಅಕ್ಕಾರ ಪಂಕ್ಚರ್ ಗಂಟು

ಕಳೆದ ತಿಂಗಳು ಹುಮನಾಬಾದಿನಲ್ಲಿ ಅಕ್ಕಾರ ಬೀಳ್ಕೊಡುಗೆ ನಡೆಯಿತು. ಹೆರಿಗೆ ವಾರ್ಡಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದ ನರ್ಸ್ ಒಬ್ಬರು ನಿವೃತ್ತರಾದಾಗ ಯಾವ ಯಾವ ಮಾತು ಬರಬೇಕೋ ಅವೆಲ್ಲ ಬಂದವು. ಸೇವೆ, ತ್ಯಾಗ, ತಾಯಿಯಂಥ ಮನಸ್ಸು. ಅಕ್ಕಾರು ಶಾಲು ಹೊದ್ದು, ಹಾರದೊಳಗೆ ಕತ್ತು ಹುದುಗಿಸಿಕೊಂಡು, ತಲೆಯ ಮೇಲಿನ ಫ್ಯಾನು ಯಾಕೆ ಹಾಗೆ ಸದ್ದು ಮಾಡುತ್ತಿದೆ ಎಂದು ನೋಡುತ್ತ ಕೂತಿದ್ದರು. ನನ್ನನ್ನೂ ಎರಡು ಮಾತಿಗೆ ಕರೆದರು. ನಾನು ಬಸವಕಲ್ಯಾಣದ ಕಾಲೇಜೊಂದರಲ್ಲಿ ಇತಿಹಾಸ ಹೇಳುವವನು, ಮಾತೇ ನನ್ನ ಹೊಟ್ಟೆಪಾಡು. ಆದರೂ ಅಂದು ಎದ್ದು ನಿಂತು ಏನೇನೋ ತೊದಲಿ ಕೂತುಬಿಟ್ಟೆ. ನನಗೆ ಹೇಳಬೇಕಾಗಿದ್ದದ್ದು ಸೈಕಲ್ ಟ್ಯೂಬಿನ ವಿಷಯ. ಹೆರಿಗೆ ವಾರ್ಡಿನ ಸಭೆಯಲ್ಲಿ ಅದನ್ನು ಎಲ್ಲಿಂದ ಶುರು ಮಾಡುವುದೆಂದು ಹೊಳೆಯಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ನರ್ಸುಗಳನ್ನು ವಯಸ್ಸು ನೋಡದೆ ಅಕ್ಕಾರು ಎಂದೇ ಕರೆಯುತ್ತೇವೆ. ಇವರ ಹೆಸರು ಬರೆಯುವುದಿಲ್ಲ; ಬರೆದರೆ ಬೈಸಿಕೊಳ್ಳಬೇಕಾದೀತು, ಅವರಿಂದ ಬೈಸಿಕೊಂಡದ್ದು ಈಗಾಗಲೇ ಸಾಕಷ್ಟಾಗಿದೆ. ಮೊದಲನೆಯ ಸಲ ಬೈಸಿಕೊಂಡದ್ದು ನನ್ನ ಮಗಳು ಹುಟ್ಟಿದ ದಿನ. ಹೆಂಡತಿಯ ತವರು ಹುಮನಾಬಾದ್, ಹಾಗಾಗಿ ಹೆರಿಗೆಯೂ ಅಲ್ಲೇ. ಅಕ್ಕಾರು ವಾರ್ಡಿನ ಬಾಗಿಲಿಂದ ಅರ್ಧ ಮುಖ ಹೊರಗೆ ಹಾಕಿ ಕೂಸಿನ ಬಟ್ಟೆ ತಂದಿದ್ದೀರಾ ಎಂದು ಕೇಳಿದರು. ತಂದಿದ್ದೇನೆ ಅಂದೆ.

“ತಂದೀನಿ ಅನ್ಬ್ಯಾಡ್ರಿ. ತೋರಸ್ರಿ.”

ಬಟ್ಟೆಯ ಚೀಲ ಬಸವಕಲ್ಯಾಣದಲ್ಲಿ ನಮ್ಮ ಮನೆಯ ಮಂಚದ ಮೇಲೆ ಉಳಿದಿತ್ತು. ನನ್ನ ಮುಖ ನೋಡಿದ್ದೇ ಅವರು ಒಳಗೆ ಹೋಗಿ, ತಮ್ಮ ಕಪಾಟಿನಿಂದ ಒಗೆದು ಮಡಿಸಿಟ್ಟ ಹಳೆಯ ಸೀರೆಯ ತುಂಡು ತೆಗೆದು ನನ್ನ ಮಗಳನ್ನು ಸುತ್ತಿದರು. ನನ್ನಂಥ ಅಪ್ಪಂದಿರಿಗೆಂದೇ ಅಲ್ಲಿ ಹತ್ತಾರು ತುಂಡು ಇಟ್ಟಿರುತ್ತಾರೆಂದು ಆಮೇಲೆ ಗೊತ್ತಾಯಿತು. ಆ ವಾರ್ಡಿನಲ್ಲಿ ಡ್ಯೂಟಿ ಬದಲಾಗುವಾಗೆಲ್ಲ ತುರ್ತು ಔಷಧದ ಟ್ರೇ ಎದುರಿಗೆ ಬರಬೇಕಿತ್ತು. ಹೊಸದಾಗಿ ಬಂದ ಹುಡುಗಿಯರು ‘ಎಲ್ಲಾ ಅದ ಅಕ್ಕಾ’ ಅನ್ನುವುದು, ಇವರು ಒಂದೊಂದೇ ಬಾಟಲಿ ಎತ್ತಿ ತೋರಿಸಲು ಹೇಳುವುದು. ಅದಿಲ್ಲದೆ ಇವರು ಮನೆಗೆ ಹೊರಟವರಲ್ಲ.

ಎರಡನೆಯ ಭೇಟಿ ಹೆದ್ದಾರಿಯಲ್ಲಿ. ಆಗ ನನ್ನ ಹೊಟ್ಟೆ ಮುಂದೆ ಬರತೊಡಗಿತ್ತು, ಅದನ್ನು ಹಿಂದೆ ಕಳಿಸಲೆಂದು ದುಬಾರಿಯ ಸೈಕಲ್ಲೊಂದು ಕೊಂಡಿದ್ದೆ. ಒಂದು ಭಾನುವಾರ ಬೆಳಿಗ್ಗೆ ರಾಜೇಶ್ವರ ದಾಟಿ ಹುಮನಾಬಾದ್ ಕಡೆ ಹೊರಟಾಗ ಹಿಂದಿನ ಗಾಲಿ ಉಸ್ ಎಂದಿತು. ಆ ರಸ್ತೆಯ ಬದಿಗೆ ಸಿಡಿದ ಲಾರಿ ಟೈರುಗಳ ತುಂಡು ಬಿದ್ದಿರುತ್ತವೆ. ಅವುಗಳೊಳಗಿನ ಉಕ್ಕಿನ ತಂತಿ ತಲೆಗೂದಲಿನಷ್ಟು ಸಣ್ಣದು, ಕಣ್ಣಿಗೆ ಬೀಳುವುದಿಲ್ಲ, ಟ್ಯೂಬಿಗೆ ಬೀಳುತ್ತದೆ. ನನ್ನ ಹತ್ತಿರ ಪಂಪೂ ಇರಲಿಲ್ಲ, ಟ್ಯೂಬೂ ಇರಲಿಲ್ಲ. ಗೆಳೆಯನೊಬ್ಬನಿಗೆ ಫೋನು ಹಚ್ಚುತ್ತ ನಿಂತಿದ್ದಾಗ ಎದುರಿಂದ ಒಂದು ಸಾದಾ ಗೇರ್ ಸೈಕಲ್ ಬಂತು. ತುಳಿಯುತ್ತಿದ್ದವರು ಅಕ್ಕಾರು: ಮೇಲೆ ಗಂಡನ ಉದ್ದ ತೋಳಿನ ಅಂಗಿ, ಕೆಳಗೆ ಸಲ್ವಾರು, ಸೊಂಟಕ್ಕೆ ಬಿಗಿದ ದುಪಟ್ಟಾ. ಅವರಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತ್ತು; ಡಾಕ್ಟರು ನಡೆಯಲು ಹೇಳಿದರೆ, ನಡಿಗೆ ಬೇಸರವೆಂದು ಸೈಕಲ್ ಹತ್ತಿದ್ದರು.

ಇಳಿದು ನನ್ನನ್ನು ನೋಡಿದರು, ನನ್ನ ಗಾಲಿಯನ್ನು ನೋಡಿದರು. “ಬಟ್ಟಿ ಮರತು ಬಂದಿದ್ರಲ್ಲ, ಅವರs ಹೌದಿಲ್ರಿ ನೀವು? ಕೂಸು ಹ್ಯಾಂಗದ?”

ಕೂಸು ಚೆನ್ನಾಗಿದೆ ಎಂದೆ. ಅವರು ಸೀಟಿನ ಕೆಳಗಿಂದ ಒಂದು ಗಂಟು ಬಿಚ್ಚಿದರು. ಆಪರೇಷನ್ ಕೋಣೆಯಲ್ಲಿ ಬಳಸುವ ಹಸಿರು ಬಟ್ಟೆಯದೇ ತುಂಡು, ಸವೆದು ಕೆಲಸಕ್ಕೆ ಬಾರದೆ ಹೊರಬಿದ್ದದ್ದು. ಅದಕ್ಕೆ ಸಾಲಾಗಿ ಕಿಸೆ ಹೊಲಿದಿದ್ದರು. ಟೈರ್ ಎಬ್ಬಿಸುವ ಪಟ್ಟಿ ಮೊದಲು, ಆಮೇಲೆ ಹತ್ತಿ, ಆಮೇಲೆ ಪೌಡರ್ ಸವರಿ ಹಳೆಯ ಕಾಲುಚೀಲದಲ್ಲಿಟ್ಟ ಟ್ಯೂಬು, ಅದರ ಪಕ್ಕ ಇನ್ನೊಂದು, ಕೊನೆಗೆ ಉಪ್ಪುಕಾಗದ, ಸೊಲ್ಯೂಶನ್, ತೇಪೆ. ಹಳೆಯ ಎಕ್ಸ್‌ರೇ ಹಾಳೆಯ ಎರಡು ತುಂಡೂ ಇದ್ದವು. ಟೈರೇ ಹರಿದಿದ್ದರೆ ಒಳಗಿಂದ ಅದನ್ನು ಕೊಟ್ಟರೆ ಟ್ಯೂಬು ಹೊರಗೆ ಉಬ್ಬುವುದಿಲ್ಲ. ಯಾವುದು ಮೊದಲು ಕೈಗೆ ಬೇಕೋ ಅದು ಮೊದಲ ಕಿಸೆಯಲ್ಲಿ. ಅಕ್ಕಾರು ಕೈಗವಸು ತೊಟ್ಟು ಕೂತರು.

ಹತ್ತಿ ಯಾಕೆ ಎಂದು ನಾನು ಕೇಳಿದೆ. ಅವರು ಟೈರು ಬಿಚ್ಚಿ ಒಳಗೋಡೆಯ ಗುಂಟ ಹತ್ತಿಯ ಉಂಡೆಯನ್ನು ನಿಧಾನವಾಗಿ ಆಡಿಸುತ್ತ ಹೋದರು. ಒಂದು ಕಡೆ ಹತ್ತಿಯ ಎಳೆ ಸಿಕ್ಕಿಕೊಂಡಿತು. ಅಲ್ಲಿ ಉಗುರಿಟ್ಟು, ಚಿಮಟಿಗೆಯಿಂದ ತಂತಿಯ ಚೂರು ಕಿತ್ತು ನನ್ನ ಅಂಗೈಗೆ ಹಾಕಿದರು. ಬೆರಳಾಡಿಸಿದರೆ ಬೆರಳಿಗೆ ಚುಚ್ಚುತ್ತದೆ, ಕಣ್ಣಿಂದ ನೋಡಿದರೆ ಕಾಣುವುದಿಲ್ಲ, ಬಿಟ್ಟರೆ ಹೊಸ ಟ್ಯೂಬನ್ನೂ ತಿನ್ನುತ್ತದೆ. ಇಷ್ಟು ಸರಳ ವಿದ್ಯೆ ನನ್ನ ದುಬಾರಿ ಸೈಕಲ್ ಮಾರಿದವನಿಗೂ ಗೊತ್ತಿರಲಿಲ್ಲ.

ಹೀಗೆ ನಮ್ಮ ಜೋಡಿ ಕೂಡಿತು. ಭಾನುವಾರ ಒಮ್ಮೆ ಅವರು ಬಸವಕಲ್ಯಾಣಕ್ಕೆ ಬಂದು ನಾರಾಯಣಪುರದ ಗುಡಿಯವರೆಗೆ ಹೋಗಿ ಬರುವುದು, ಒಮ್ಮೆ ನಾನು ಅತ್ತ ಹೋಗಿ ಘಾಟಬೋರಾಳದ ರಸ್ತೆ ಹಿಡಿಯುವುದು. ತೊಗರಿ ರಾಶಿಯ ಕಾಲಕ್ಕೆ ಆ ರಸ್ತೆಯ ಮೇಲೆ ಗಿಡ ಹರವಿರುತ್ತಾರೆ, ಹೋಗಿಬರುವ ಗಾಡಿಗಳೇ ತುಳಿದು ಕಾಳು ಉದುರಿಸಲಿ ಎಂದು. ತೊಗರಿಕಟ್ಟಿಗೆಯ ಮೊನೆ ಎಷ್ಟು ಚೂಪೆಂದು ನನಗೆ ಆ ವರ್ಷ ಆದ ನಾಲ್ಕು ಪಂಕ್ಚರು ಹೇಳಿಕೊಟ್ಟವು. ಹೊರಡುವ ಮುನ್ನ ಪ್ರತಿ ಸಲ ನನ್ನ ಪರೀಕ್ಷೆ. ಪಂಪ್ ಇದೆ ಅಂದರೆ ಸಾಲದು, ತೋರಿಸಬೇಕು. ತೋರಿಸಿದರೂ ಸಾಲದು, ಒಮ್ಮೆ ಗಾಳಿ ಹೊಡೆದು ತೋರಿಸಬೇಕು.

ಇಷ್ಟು ಭಾರ ಹೊತ್ತು ತಿರುಗುವುದು ಯಾಕೆ, ಈಗಿನವರು ಒಂದು ಟ್ಯೂಬು, ಗಾಳಿ ತುಂಬಲು ಹೆಬ್ಬೆರಳಿನಷ್ಟು ಗ್ಯಾಸಿನ ಡಬ್ಬಿ, ಇಷ್ಟರಲ್ಲೇ ಮುಗಿಸುತ್ತಾರೆ ಎಂದು ನಾನು ಒಮ್ಮೆ ಚುಡಾಯಿಸಿದೆ. ಅವರ ಯಜಮಾನರದು ಹುಮನಾಬಾದಿನಲ್ಲಿ ಕಿರಾಣಿ ಅಂಗಡಿ. ಅಕ್ಕಾರು ಗಂಟನ್ನು ಸೀದಾ ಅಂಗಡಿಯ ತಕ್ಕಡಿಯ ಮೇಲಿಟ್ಟರು. ಒಂಬೈನೂರು ಗ್ರಾಂ.

“ಇದರ ಮೂರು ಪಟ್ಟು ಹೊಟ್ಟ್ಯಾಗ ಇಟಗೊಂಡು ಹೆಣ್ಮಕ್ಳು ಹೊಲದಾಗ ಕಸಾ ತಗೀತಾರ್ರಿ, ಸರ್,” ಎಂದರು. ಯಜಮಾನರು ಸಕ್ಕರೆ ತೂಗುತ್ತಿದ್ದವರು ನನ್ನ ಕಡೆ ನೋಡಿ ತಲೆ ಬಗ್ಗಿಸಿಕೊಂಡು ನಕ್ಕರು. ನಾನು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಈಜು, ಸೈಕಲ್, ಓಟ ಮೂರೂ ಒಂದೇ ದಿನ ಮಾಡುವ ಸ್ಪರ್ಧೆಯ ವಿಷಯ ನಾನೇ ತೆಗೆದದ್ದು, ತಮಾಷೆಗೆ. ಸಮುದ್ರದಲ್ಲಿ ಎರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಈಜಬೇಕು, ಎದ್ದು ತೊಂಬತ್ತು ಕಿಲೋಮೀಟರ್ ಸೈಕಲ್, ಇಳಿದು ಇಪ್ಪತ್ತೊಂದು ಕಿಲೋಮೀಟರ್ ಓಟ. ಮಧ್ಯಾಹ್ನ ಹನ್ನೆರಡೂವರೆಯೊಳಗೆ ಸೈಕಲ್ ಇಳಿಯದಿದ್ದರೆ ಅಲ್ಲಿಗೇ ಮುಗಿಯಿತು, ಓಡಲು ಬಿಡುವುದಿಲ್ಲ. ಅಕ್ಕಾರು ಘಾಟಬೋರಾಳದ ಹುಡುಗಿ. ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಅಪ್ಪನ ಹೊಲದ ಬಾವಿಯಲ್ಲಿ ಈಜು ಕಲಿತವರು. ಈಜಿನ ಬಗ್ಗೆ ಅವರು ಏನೂ ಕೇಳಲಿಲ್ಲ. ದಾರಿಯಲ್ಲಿ ಪಂಕ್ಚರಾದರೆ ಯಾರು ನೋಡುತ್ತಾರೆ ಎಂದು ಕೇಳಿದರು. ಯಾರೂ ನೋಡುವುದಿಲ್ಲ, ಹೊರಗಿನವರು ಗಾಲಿ ಮುಟ್ಟಿದರೆ ಸ್ಪರ್ಧೆಯಿಂದ ಹೊರಗೆ, ನಮ್ಮ ಸಾಮಾನು ನಾವೇ ಹೊತ್ತು ನಾವೇ ಮಾಡಿಕೊಳ್ಳಬೇಕು ಎಂದೆ. ಅವರ ಮುಖ ಅರಳಿತು.

“ಹಂಗಾರ ಇದು ನಮ್ಮಂಥೋರ ಆಟ ಅದ್ರಿ.”

ಆಗ ಅವರಿಗೆ ಐವತ್ತೇಳು. ಒಂದು ವರ್ಷ ಇಬ್ಬರೂ ಸಿದ್ಧತೆ ಮಾಡಿ ಹೆಸರು ಬರೆಸಿದೆವು. ಹೊರಡುವ ದಿನ ಬಸವಕಲ್ಯಾಣದಲ್ಲಿ ನಮ್ಮ ಮನೆಯ ಮುಂದೆ ಬೆಳಗಿನ ಸೈಕಲ್ ಗೆಳೆಯರೆಲ್ಲ ಸೇರಿ ಸೈಕಲ್ಲಿಗೆ ಪೂಜೆ ಮಾಡಿದರು. ಸೈಕಲ್ಲಿಗೆ ಕುಂಕುಮ, ಹೂವು, ಗಾಲಿಯ ಕೆಳಗೆ ಲಿಂಬೆಹಣ್ಣು. ಅಕ್ಕಾರ ಕೊರಳಿಗೆ ಹಾರ. ಅವರ ಸೈಕಲ್ಲಿನ ಮುಂದಿನ ಗಾಲಿಯೆದುರು ಕಾಯಿ ಒಡೆದವನು ನಾನು. ಜೋರಾಗಿ ಒಡೆದೆ, ಚೂರು ಚೂರಾಯಿತು, ಎಲ್ಲರೂ ಶುಭ ಅಂದರು. ಕರಟದ ಚೂರು ಆರಿಸಿದಿರಾ ಎಂದು ಅಕ್ಕಾರು ಕೇಳಿದರು. ಆರಿಸಿದ್ದೇನೆ ಅಂದೆ. ಎರಡು ದೊಡ್ಡ ಹೋಳು ಎತ್ತಿಟ್ಟಿದ್ದೆ, ಅಷ್ಟೆ. ಅವರು ಹಾರ ಹಾಕಿಕೊಂಡು, ಹತ್ತು ಜನರ ಮುಂದೆ, ನನ್ನ ಮನೆಯ ಅಂಗಳದಲ್ಲಿ ನಿಂತಿದ್ದರು. ತೋರಿಸಿ ಅನ್ನಲಿಲ್ಲ. ಲಿಂಬೆಹಣ್ಣಿನ ಮೇಲೆ, ಆ ಚೂರುಗಳ ಮೇಲೆ ಗಾಲಿ ಹಾಯಿಸಿ ಹೊರಟರು.

ಸ್ಪರ್ಧೆಯ ದಿನ ನೀರಿನಲ್ಲಿ ಅವರು ನನಗಿಂತ ಹತ್ತು ನಿಮಿಷ ಮುಂದಿದ್ದರು. ಬಾವಿಯ ಈಜು ಅದು, ಅಲೆಗೆ ಹೆದರುವುದಿಲ್ಲ. ಸೈಕಲ್ಲಿನಲ್ಲಿ ಅರವತ್ತು ಕಿಲೋಮೀಟರು ದಾಟಿದ ಮೇಲೆ ಗಾಳಿಮರಗಳ ನೆರಳಿನಲ್ಲಿ ಕಂಡರು. ಮುಂದಿನ ಗಾಲಿ ಬಿಚ್ಚಿಟ್ಟುಕೊಂಡು ಕೂತಿದ್ದರು. ಅದು ಎರಡನೆಯ ಪಂಕ್ಚರು. ಮೊದಲನೆಯದಕ್ಕೆ ಹೊತ್ತು ಮೀರುತ್ತದೆಂಬ ಅವಸರದಲ್ಲಿ ಹತ್ತಿಯನ್ನು ಅರ್ಧಕ್ಕರ್ಧ ಆಡಿಸಿ ಹೊಸ ಟ್ಯೂಬು ಹಾಕಿಕೊಂಡು ಹೊರಟಿದ್ದರಂತೆ. ಈಗ ಪೂರ್ತಿ ಸುತ್ತು ಆಡಿಸಿ, ಒಂದು ಕಡೆ ಕೈ ನಿಲ್ಲಿಸಿ, ಏನನ್ನೋ ಕಿತ್ತರು. ನಾನು ಬ್ರೇಕ್ ಹಿಡಿದು ಏನದು ಎಂದು ಕೇಳಿದೆ. ಮುಳ್ಳು ಎಂದರು. ಮುಷ್ಟಿ ಬಿಚ್ಚಲಿಲ್ಲ, ಕಿಸೆಗೆ ಹಾಕಿಕೊಂಡರು. ನೀವು ನಡೀರಿ, ನಿಮ್ಮ ಹೊತ್ತು ಹೋಗ್ತದ ಎಂದು ನನ್ನನ್ನು ಅಟ್ಟಿದರು.

ನಾನು ಹೋದೆ, ಮುಗಿಸಿದೆ, ಪದಕ ಹಾಕಿಸಿಕೊಂಡೆ. ಅಕ್ಕಾರು ಸೈಕಲ್ ಇಳಿಯುವ ಗೆರೆಗೆ ಬಂದಾಗ ಆರು ನಿಮಿಷ ತಡವಾಗಿತ್ತು.

ಊರಿಗೆ ಬಂದ ಮೇಲೆ ಎಲ್ಲರೂ ಸಮಾಧಾನ ಹೇಳಿದರು. ಈ ವಯಸ್ಸಿನಲ್ಲಿ ಅಷ್ಟು ಮಾಡಿದ್ದೇ ದೊಡ್ಡದು, ಅರ್ಧ ಆದರೂ ಆಯಿತಲ್ಲ ಎಂದು ಆಸ್ಪತ್ರೆಯವರು ಹೇಳಿದಾಗ ಅಕ್ಕಾರು ಸೂಜಿಮದ್ದು ತುಂಬುತ್ತಿದ್ದರು. “ಅರ್ಧ ಹೆರಿಗಿ ಆತಂತ ಯಾರರೆ ಪೇಡಾ ಹಂಚ್ತಾರೇನ್ರಿ?” ಎಂದಷ್ಟೇ ಕೇಳಿ ಕೆಲಸಕ್ಕೆ ಹೊರಟರು. ಅವರಿಗೆ ಅದು ಮುಗಿಯಬೇಕಿತ್ತು. ನಿವೃತ್ತಿಗೆ ಮುನ್ನ, ಇನ್ನೂ ಡ್ಯೂಟಿಯಲ್ಲಿರುವಾಗಲೇ ಮುಗಿಯಬೇಕಿತ್ತು.

ಮರುವರ್ಷವೇ ಮತ್ತೆ ಹೆಸರು ಬರೆಸಿದರು. ಸಂಜೆ ಅಂಗಡಿಯ ಕಟ್ಟೆಯ ಮೇಲೆ ಕೂತು ಗಾಲಿ ಬಿಚ್ಚುವುದು, ಹತ್ತಿ ಆಡಿಸುವುದು, ಟ್ಯೂಬು ಹಾಕುವುದು. ಒಂದು ದಿನ ಎಡಗೈಯಿಂದ, ಒಂದು ದಿನ ಕೈ ಒದ್ದೆ ಮಾಡಿಕೊಂಡು. ಯಜಮಾನರು ಬೆಲ್ಲ ಕಟ್ಟಿಕೊಡುತ್ತ ಗೋಡೆಯ ಗಡಿಯಾರ ನೋಡಿ ನಿಮಿಷ ಹೇಳುವರು. ಗಿರಾಕಿಗಳೂ ನಿಂತು ನೋಡುವರು. ನಾನು ಆ ವರ್ಷ ಸ್ಪರ್ಧೆಗೆ ಇಳಿಯಲಿಲ್ಲ. ಅವರ ಚೀಲ ಹೊರಲು ಬರುತ್ತೇನೆ ಎಂದೆ.

ಹೊರಡುವ ದಿನ ಹಿಂದಿನ ವರ್ಷದಂತೆಯೇ ನಾನು ಕಾಯಿ ಹಿಡಿದು ಗಾಲಿಯ ಮುಂದೆ ಬಂದೆ. ಅಕ್ಕಾರು ಮೆಲ್ಲಗೆ ಆ ಕಾಯಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಒಳಗೆ ಹೋಗಿ, ಅಡುಗೆಮನೆಯಲ್ಲಿ ನನ್ನ ಹೆಂಡತಿಯ ಕೈಗೆ ಕೊಟ್ಟುಬಂದರು. ಚಟ್ನಿ ಮಾಡಲು ಹೇಳಿದರಂತೆ. ನನಗೆ ಆಗ ಏನೋ ಕುಟುಕಿತು. ಎಂದೂ ಎಲ್ಲವನ್ನೂ ತೋರಿಸುವ ಹೆಂಗಸು ಹೋದ ವರ್ಷ ಸ್ಪರ್ಧೆಯ ದಿನ ಮುಷ್ಟಿ ಯಾಕೆ ಬಿಚ್ಚಲಿಲ್ಲ?

“ಹೋದ ವರ್ಷದ ಮುಳ್ಳು ತೋರಸ್ರಿ, ಅಕ್ಕಾ,” ಎಂದೆ.

ಅವರು ಹಸಿರು ಗಂಟಿನ ಕೊನೆಯ ಕಿಸೆಯಿಂದ ಗುಳಿಗೆ ಕೊಡುವ ಸಣ್ಣ ಕಾಗದದ ಚೀಲ ತೆಗೆದರು. ಒಳಗಿದ್ದದ್ದು ತೆಂಗಿನ ಕರಟದ ಚೂರು, ಒಂದು ತುದಿ ಸೂಜಿಯಂತಿತ್ತು. ಅಕ್ಕಾರು ಒಂದು ವರ್ಷ ಪೂರ್ತಿ ನನ್ನ ಜೊತೆ ಸೈಕಲ್ ತುಳಿದಿದ್ದರು, ನನ್ನ ಪದಕವನ್ನು ನನ್ನ ಮಗಳ ಕೊರಳಿಗೆ ಹಾಕಿ ಆಡಿಸಿದ್ದರು. ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ.

“ಮೊದಲs ಹೇಳಬೇಕಿತ್ತಲ್ರಿ.”

“ಏನಂತ ಹೇಳ್ಲಿ? ನೀವು ಆರಿಸೀನಿ ಅಂದ್ರಿ, ನಾ ತೋರಸ್ರಿ ಅನ್ಲಿಲ್ಲ. ಕೇಳ್ದೆ ಇದ್ದದ್ದು ನಂದು ತಪ್ಪು. ಹತ್ತಿ ಅರ್ಧಾ ಆಡಿಸಿದ್ದೂ ನಂದು.” ಚೀಲ ಮಡಚಿಡುತ್ತ ಸೇರಿಸಿದರು: “ನೀವು ಪ್ರೀತಿಲಿಂದ ಒಡದ ಕಾಯ್ರಿ ಅದು.”

ನಾನು ಅಂದು ಅಳಲಿಲ್ಲ, ಆದರೆ ಪೂಜೆಯ ತಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಬಹಳ ಹೊತ್ತು ಹಿಡಿದು ನಿಂತಿದ್ದೆ.

ಎರಡನೆಯ ವರ್ಷ ನಾನು ರಸ್ತೆ ತಿರುಗುವ ಒಂದು ಕಡೆ ನಿಂತಿದ್ದೆ; ಸೈಕಲ್ಲಿನವರು ಅದೇ ರಸ್ತೆಯನ್ನು ಮೂರು ಸುತ್ತು ಹಾಕಬೇಕಿತ್ತು. ಅಕ್ಕಾರು ಎರಡು ಸಲ ಹಾದುಹೋದರು, ಮೂರನೆಯ ಸಲ ಬರಬೇಕಾದಾಗ ಬರಲಿಲ್ಲ. ಓಡುತ್ತ ಹೋದರೆ ಇನ್ನೂರು ಹೆಜ್ಜೆಯಾಚೆ ಹಿಂದಿನ ಗಾಲಿ ಬಿಚ್ಚಿ ಕೂತಿದ್ದರು. ಹನ್ನೊಂದು ಗಂಟೆ ಮೂವತ್ತೆರಡು ನಿಮಿಷ. ಇನ್ನೂ ಹದಿನೈದು ಕಿಲೋಮೀಟರ್ ಇತ್ತು. ನನ್ನ ಚೀಲದಲ್ಲಿ ಪಂಪಿತ್ತು, ಟ್ಯೂಬಿತ್ತು, ಎರಡು ಕೈಗಳಿದ್ದವು, ಯಾವುದನ್ನೂ ಕೊಡುವಂತಿರಲಿಲ್ಲ. ಬೈಕಿನ ಮೇಲೆ ಬಂದ ಮೇಲ್ವಿಚಾರಕನೊಬ್ಬ ಪಕ್ಕದಲ್ಲೇ ನಿಂತು ನನ್ನನ್ನು ನೋಡುತ್ತಿದ್ದ. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.

ಅಕ್ಕಾರು ನನ್ನ ಕಡೆ ನೋಡಲಿಲ್ಲ. ಕೈಗವಸು ತೊಟ್ಟರು, ಪಟ್ಟಿಯಿಂದ ಟೈರು ಎಬ್ಬಿಸಿದರು, ಹತ್ತಿ ತೆಗೆದರು. ಒಂದು ಸುತ್ತು ಆಡಿಸಿದರು, ಏನೂ ಸಿಗಲಿಲ್ಲ. ಪಕ್ಕದಲ್ಲಿ ಸೈಕಲ್ಲುಗಳು ಸರ್ ಸರ್ ಎಂದು ಹೋಗುತ್ತಿದ್ದವು. ಸಮಯ ಹೋಗುತ್ತಿದೆ, ಟ್ಯೂಬು ಹಾಕಿ ಹೊರಡಿ ಎಂದು ಆ ಮೇಲ್ವಿಚಾರಕ ಹಿಂದಿಯಲ್ಲಿ ಕನಿಕರದಿಂದಲೇ ಹೇಳಿದ. ನನ್ನ ಮನಸ್ಸೂ ಅದನ್ನೇ ಕೂಗುತ್ತಿತ್ತು. ಅಕ್ಕಾರು ಹತ್ತಿಯ ಹೊಸ ಉಂಡೆ ತೆಗೆದು ಎರಡನೆಯ ಸುತ್ತು ಶುರು ಮಾಡಿದರು, ಮೊದಲಿಗಿಂತ ನಿಧಾನವಾಗಿ. ನಾನು ಎಷ್ಟೋ ಪರೀಕ್ಷೆಗಳ ಫಲಿತಾಂಶಕ್ಕೆ ಕಾದವನು, ಹೆಂಡತಿಯ ಹೆರಿಗೆಗೆ ಕಾದವನು. ಆ ಸುತ್ತಿನಷ್ಟು ಉದ್ದದ ಹೊತ್ತು ಯಾವುದೂ ಇರಲಿಲ್ಲ. ಮುಕ್ಕಾಲು ಸುತ್ತಿಗೆ ಬಂದಾಗ ಒಂದೇ ಒಂದು ಎಳೆ ಸಿಕ್ಕಿಕೊಂಡಿತು. ಚಿಮಟಿಗೆ ಹಾಕಿ ಕಿತ್ತರು. ಲಾರಿ ಟೈರಿನ ತಂತಿ. ಈ ಸಲ ಅದನ್ನು ಎತ್ತಿ ನನಗೂ, ಮೇಲ್ವಿಚಾರಕನಿಗೂ ತೋರಿಸಿ ಕಾಗದದಲ್ಲಿ ಮಡಚಿಟ್ಟುಕೊಂಡರು. ಟ್ಯೂಬು ಹಾಕಿ, ಗಾಳಿ ಹೊಡೆದು, ಗಂಟು ಕಟ್ಟಿ ಹತ್ತಿದಾಗ ಹನ್ನೊಂದು ನಲವತ್ತಾರು.

ಹನ್ನೆರಡು ಇಪ್ಪತ್ತೇಳಕ್ಕೆ ಸೈಕಲ್ ಇಳಿಯುವ ಗೆರೆ ದಾಟಿದರು. ಮೂರೇ ನಿಮಿಷ ಉಳಿದಿತ್ತು.

ಆಮೇಲಿನದು ಬಿಸಿಲು. ಓಡಿದರು, ನಡೆದರು, ತಲೆಗೆ ನೀರು ಸುರಿದುಕೊಂಡು ಮತ್ತೆ ಓಡಿದರು. ಮೂರೂವರೆಗೆ ಎಲ್ಲ ಮುಚ್ಚುತ್ತದೆ. ಮೂರು ಗಂಟೆ ಇಪ್ಪತ್ತೊಂದಕ್ಕೆ ಗಂಡನ ಅಂಗಿ ಮೈಗಂಟಿಸಿಕೊಂಡು, ದುಪಟ್ಟಾ ಸೊಂಟಕ್ಕೆ ಬಿಗಿದುಕೊಂಡು ಐವತ್ತೊಂಬತ್ತರ ನಮ್ಮ ಅಕ್ಕಾರು ಕೊನೆಯ ಕಮಾನು ದಾಟಿದರು. ನಾನು ಹಾರಿ ಕುಣಿದೆನೆಂದು ಅಲ್ಲಿದ್ದವರು ಹೇಳುತ್ತಾರೆ, ಕುಣಿದಿರಬೇಕು. ಮೈಕಿನವನು ಹೆಸರು ಓದಿ, ಫ್ರಮ್ ಕರ್ನಾಟಕ ಅಂದ. ಕುರ್ಚಿಗಳಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಅಕ್ಕಾರು ಪದಕ ಹಾಕಲು ಬಂದ ಹುಡುಗಿಯನ್ನು ಕೈಸನ್ನೆಯಿಂದ ನಿಲ್ಲಿಸಿ, ಕಾಲೆಳೆಯುತ್ತ ಸೀದಾ ಮೈಕಿನವನ ಹತ್ತಿರ ಹೋದರು. ನಮ್ಮ ಬೀದರ್ ಕಡೆಯ ಹಿಂದಿಯಲ್ಲಿ, ವಾರ್ಡಿನ ಹುಡುಗಿಯರಿಗೆ ಹೇಳುವ ಅದೇ ದನಿಯಲ್ಲಿ ಹೇಳಿದರು.

“ಹುಮನಾಬಾದ್ ಬೋಲೋ ಭಾಯಿ. ಜಿಲ್ಲಾ ಬೀದರ್.”

ಅವನು ನಕ್ಕು, ಹುಮನಾಬಾದ್ ಎಂದು ಮೈಕಿನಲ್ಲಿ ಕೂಗಿದ. ಆ ಹೆಸರು ಸಮುದ್ರದ ದಂಡೆಗುಂಟ ಹೋಯಿತು. ಅಕ್ಕಾರು ಅಲ್ಲಿಂದ ಕದಲಲಿಲ್ಲ. ಉಸಿರು ಹಿಡಿದುಕೊಂಡು, ನನ್ನ ಕಡೆ ಬೆರಳು ತೋರಿಸಿದರು.

“ಬಸವಕಲ್ಯಾಣ ಭೀ ಬೋಲೋ. ದೋನೋ ಮಿಲ್ಕೇ ಆಯೇ ಹಮ್.”

ಇಬ್ಬರೂ ಕೂಡಿಯೇ ಬಂದಿದ್ದೇವೆ ಎಂದು. ಆ ವರ್ಷ ನಾನು ಈಜಿರಲಿಲ್ಲ, ಸೈಕಲ್ ತುಳಿದಿರಲಿಲ್ಲ, ಒಂದು ಹೆಜ್ಜೆ ಓಡಿರಲಿಲ್ಲ. ಮೈಕಿನವನು ನನ್ನನ್ನೊಮ್ಮೆ ನೋಡಿ, ನಮ್ಮೂರಿನ ಹೆಸರನ್ನೂ ಕೂಗಿದ.